ಉಣ್ಣೆ ಕಾಯಿದೆ

ಕುರ್ಚಿಗಾಗಿ ದೊಡ್ಡ ದೊಡ್ಡವರು ಕಿತ್ತಾಡುವುದನ್ನು ಪತ್ರಿಕೆಯಲ್ಲಿ ಓದಿ, ‘ಛೆ, ನಾಲ್ಕು ಕಾಲಿನ ಮರದ ತುಂಡಿಗೆ ಇಷ್ಟೊಂದು ಆಸೆಯೇ!’ ಎಂದು ನಗುತ್ತಿದ್ದವನು ನಾನು. ಈಗ ನಗುವುದಿಲ್ಲ. ಕಿಟಕಿಯ ಪಕ್ಕದ ನನ್ನ ಒರಗು ಕುರ್ಚಿ ಇದೆಯಲ್ಲ, ದಿನವಿಡೀ ಅಂಗಡಿಯಲ್ಲಿ ಬೆನ್ನು ಬಗ್ಗಿಸಿ ವಾಚು ರಿಪೇರಿ ಮಾಡಿ ಬರುವವನಿಗೆ ಈ ಲೋಕದಲ್ಲಿ ಉಳಿದಿದ್ದ ಏಕೈಕ ಸಿಂಹಾಸನ, ಅದು ಪರರ ಪಾಲಾಗಿದೆ. ಗೆದ್ದುಕೊಂಡವನಿಗೂ ನಾಲ್ಕೇ ಕಾಲು. ಜೊತೆಗೆ ಒಂದು ಬಾಲ.

ಅವನ ಹೆಸರು ಡ್ರೈವರ್. ನನ್ನ ಮಾವನವರ ನಾಯಿ. ಮಾವ ರೈಲಿನ ಗಾರ್ಡ್ ಆಗಿದ್ದು ನಿವೃತ್ತರಾದವರು. ಅವರ ಮಂಡಿಯ ಆಪರೇಷನ್ ಆದ ಮೇಲೆ ನನ್ನ ಹೆಂಡತಿ, “ಅಪ್ಪ ಇನ್ನು ನಮ್ಮ ಜೊತೇನೇ ಇರ್ತಾರೆ” ಎಂದಳು. ಇರಲಿ, ಮಾವ ಒಳ್ಳೆಯವರು, ನಾನೇನು ಬೇಡ ಎನ್ನಲಿಲ್ಲ. ಆದರೆ ಅವರ ಟ್ರಂಕು, ಅವರ ಹಳೆಯ ಸೀಟಿ ಇವುಗಳ ಹಿಂದೆಯೇ ಡ್ರೈವರ್ ಕೂಡ ಒಳಗೆ ಬಂದ. ಮೂಸಿ ನೋಡಿದ. ನೇರವಾಗಿ ನನ್ನ ಕುರ್ಚಿಗೆ ಹೋಗಿ ಸುರುಳಿ ಸುತ್ತಿಕೊಂಡ.

“ನಾಯಿಗೆ ಡ್ರೈವರ್ ಅಂತ ಯಾಕೆ ಮಾವ ಹೆಸರಿಟ್ರಿ?” ಎಂದು ಒಮ್ಮೆ ಕೇಳಿದ್ದೆ.

“ಸರ್ವೀಸು ಪೂರ್ತಿ ಡ್ರೈವರ್ ಮುಂದೆ, ನಾನು ಹಿಂದೆ ಅಳಿಯಂದ್ರೇ. ಈಗ ವಾಕಿಂಗ್ ಹೋದ್ರೂ ಅಷ್ಟೇ ಅಲ್ವಾ?” ಎಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ ಬೇಕಿತ್ತು. ಮಾವ ಇರಬೇಕು, ನಾಯಿ ಹಿತ್ತಿಲ ಶೆಡ್ಡಿಗೆ ಹೋಗಬೇಕು, ಹೆಂಡತಿ ನನ್ನ ಮೇಲೆ ಮುನಿಯಬಾರದು. ಆ ಉಪಾಯ ಸಿಕ್ಕಿದ್ದು ಪಶುವೈದ್ಯರ ಆಸ್ಪತ್ರೆಯ ಗೋಡೆಯ ಮೇಲೆ. ಡ್ರೈವರ್‌ಗೆ ಉಗುರು ಕತ್ತರಿಸಲು ಮಾವ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಕಾಯುವ ಬೆಂಚಿನ ಎದುರು ಬಣ್ಣದ ಪಟವೊಂದು ನೇತಾಡುತ್ತಿತ್ತು. ಅದರ ತುಂಬ ಉಣ್ಣೆಗಳು. (ಚಳಿಗಾಲಕ್ಕೆ ಹೆಣೆಯುವ ಉಣ್ಣೆಯಲ್ಲ, ಚರ್ಮಕ್ಕೆ ಕಚ್ಚಿಕೊಂಡು ರಕ್ತ ಹೀರುವ ಎಂಟು ಕಾಲಿನ ಉಣ್ಣೆ.)

ಆಹಾ, ಎಂಥ ಪಟ! ಕಂದು ಬಣ್ಣದ ನಾಯಿ ಉಣ್ಣೆ ಮನೆಯೊಳಗೇ ಗೋಡೆಯ ಬಿರುಕಿನಲ್ಲಿ ಸಂಸಾರ ಹೂಡಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದಂತೆ, ನಾಯಿಗಳ ರಕ್ತ ಕೆಡಿಸುವ ಜ್ವರ ಹೊತ್ತು ತಿರುಗುತ್ತದಂತೆ. ಎಳ್ಳಿನಷ್ಟಿರುವ ಕರಿಗಾಲಿನ ಉಣ್ಣೆಯದು ಬೇರೆಯೇ ವ್ಯಾಪಾರ, ಅದರದು ಲೈಮ್ ಕಾಯಿಲೆ. ಕಚ್ಚಿದ ಜಾಗದ ಸುತ್ತ ಗುರಿಹಲಗೆಯ ಹಾಗೆ ಕೆಂಪು ಉಂಗುರ, ಆಮೇಲೆ ಕೀಲುನೋವು. ಇನ್ನೊಂದಕ್ಕೆ ಬೆನ್ನ ಮೇಲೆ ಬೆಳ್ಳಿ ಚಿತ್ತಾರ, ನೋಡಲು ಒಡವೆಯಂತಿದೆ. ತರುವುದು ಮೈತುಂಬ ಕಲೆ ಏಳಿಸುವ ಮಚ್ಚೆ ಜ್ವರ. ನಾನು ಎದ್ದು ನಿಂತು ಪಟವನ್ನು ಅಕ್ಷರ ಬಿಡದೆ ಓದಿದೆ. ಹೀಗೆ ಪಾಠ ಓದಿದ್ದರೆ ಶಾಲೆಯಲ್ಲಿ ಪ್ರಥಮ ಬರುತ್ತಿದ್ದೆ.

ಅಂದು ಊಟದ ಮೇಜಿನಲ್ಲಿ ಗಂಟಲು ಸರಿಮಾಡಿಕೊಂಡು ಘೋಷಿಸಿದೆ: “ಕುಟುಂಬದ ಆರೋಗ್ಯದ ಹಿತದೃಷ್ಟಿಯಿಂದ ಒಂದು ಕಾಯಿದೆ ಜಾರಿಗೆ ತರ್ತಿದೀನಿ. ಡ್ರೈವರ್ ಮೈಮೇಲೆ ಒಂದೇ ಒಂದು ಉಣ್ಣೆ ಸಿಕ್ಕರೂ ಅವನ ವಾಸ ಹಿತ್ತಿಲ ಶೆಡ್ಡಲ್ಲಿ. ಪಶುವೈದ್ಯರು ಪರೀಕ್ಷೆ ಮಾಡಿ ‘ಶುದ್ಧ’ ಅನ್ನೋವರೆಗೂ ಒಳಗೆ ಪ್ರವೇಶವಿಲ್ಲ.”

“ಪಾಪ, ಮೂಕಪ್ರಾಣಿಗೆ ಮಾತ್ರ ಕಾನೂನಾ? ಉಣ್ಣೆ ಮನುಷ್ಯರನ್ನ ಕಚ್ಚಲ್ವಾ?” ಎಂದಳು ಹೆಂಡತಿ.

ನಾನು ಉದಾರಿಯಾದೆ. ಉದಾರತೆಗೆ ಖರ್ಚಿಲ್ಲದಾಗ ನಾನು ಬಹಳ ಬೇಗ ಉದಾರಿಯಾಗುತ್ತೇನೆ. “ಸರಿ. ಈ ಮನೆಯ ಯಾವುದೇ ನಿವಾಸಿ! ಎರಡು ಕಾಲಿರಲಿ, ನಾಲ್ಕು ಕಾಲಿರಲಿ. ಉಣ್ಣೆ ಸಿಕ್ಕಿದವರು ಶೆಡ್ಡಿಗೆ. ಕಾನೂನಿನ ಮುಂದೆ ಎಲ್ಲರೂ ಸಮಾನರು.”

ಮಾವ ತುತ್ತು ನಿಲ್ಲಿಸಿ ಡ್ರೈವರ್‌ನ ತಲೆ ಸವರಿದರು. “ಇವನು ಮಂಚದ ಪಕ್ಕ ಇಲ್ದಿದ್ರೆ ನನಗೆ ನಿದ್ದೆ ಬರಲ್ಲ” ಎಂದರು ಮೆಲ್ಲಗೆ. ಆಮೇಲೆ ನೆಟ್ಟಗೆ ಕೂತರು. “ಆದ್ರೆ ರೂಲು ಅಂದ್ರೆ ರೂಲೇ. ಒಪ್ಪಿಗೆ.” ಜೇಬಿನಿಂದ ಸೀಟಿ ತೆಗೆದು ಸಣ್ಣಗೆ ಊದಿ ಕಾಯಿದೆಗೆ ಅಂಗೀಕಾರ ಕೊಟ್ಟರು. ನನಗೆ ಒಂದು ಕ್ಷಣ ಕಸಿವಿಸಿಯಾಯಿತು. ಕುರ್ಚಿಯ ಕಡೆ ನೋಡಿದೆ, ಕಸಿವಿಸಿ ಹೋಯಿತು.

ಮರುದಿನದಿಂದ ಶೋಧ ಶುರು. ನನ್ನ ಕಸುಬಿನ ಆಯುಧಗಳೆಲ್ಲ ಹೊರಬಂದವು: ಕೂದಲೆಳೆಯಷ್ಟು ತೆಳು ತುದಿಯ ಚಿಮಟ, ವಾಚಿನ ಮುಖದ ಮೇಲೆ ಬೋರಲು ಒತ್ತಿಟ್ಟು ನೋಡುವ ಬಟ್ಟಲಿನಂಥ ಭೂತಗನ್ನಡಿ, ಬಿಡಿಭಾಗ ಹಾಕುವ ಗಾಜಿನ ಸೀಸೆ. ಡ್ರೈವರ್ ಅಂಗಾತ ಬಿದ್ದುಕೊಂಡು ಕಣ್ಣು ಮುಚ್ಚಿ ಪರೀಕ್ಷೆಗೆ ಒಡ್ಡಿಕೊಳ್ಳುತ್ತಿದ್ದ. ತನಗೆ ಕಚಗುಳಿ ಇಡಲೆಂದೇ ನನ್ನನ್ನು ನೇಮಿಸಿಕೊಂಡಿದ್ದಾರೆ ಎಂದು ಅವನ ನಂಬಿಕೆ. ಕಿವಿಯಲ್ಲಿಲ್ಲ, ಕಂಕುಳಲ್ಲಿಲ್ಲ, ಬೆರಳ ಸಂದಿನಲ್ಲಿಲ್ಲ. ಕೊನೆಗೊಂದು ದಿನ ಹೊಟ್ಟೆಯ ಮೇಲೆ, ಕೂದಲ ನಡುವೆ, ಬೂದುಬಣ್ಣದ ಬಟಾಣಿಯಂಥದ್ದು ಸಿಕ್ಕಿತು!

“ಸಿಕ್ತು! ಸಿಕ್ತು! ರಕ್ತ ಕುಡಿದು ಉಬ್ಬಿರೋ ಹೆಣ್ಣು ಉಣ್ಣೆ!” ಎಂದು ಬೀದಿಗೆ ಕೇಳುವಂತೆ ಕೂಗಿದೆ. ಚಿಮಟದಿಂದ ಹಿಡಿದು ಎಳೆದೆ. ಬರಲಿಲ್ಲ. ಡ್ರೈವರ್ ಮೊದಲ ಬಾರಿಗೆ ಕಣ್ಣು ತೆರೆದು ನನ್ನನ್ನು ಬಹಳ ಹೊತ್ತು ನೋಡಿದ. ಗಟ್ಟಿಯಾಗಿ ಕಚ್ಚಿಕೊಂಡಿದೆ, ತಜ್ಞರೇ ಬೇಕು ಎಂದು ನಾನು, ಮಾವ, ಡ್ರೈವರ್ ಮೂವರೂ ಪಶುವೈದ್ಯರ ಆಸ್ಪತ್ರೆಗೆ ಹೋದೆವು. ಮಾವ ದಾರಿಯುದ್ದಕ್ಕೂ ಅವನ ತಲೆ ಸವರುತ್ತಿದ್ದರು.

ಡಾಕ್ಟರಮ್ಮ ಬಗ್ಗಿ ನೋಡಿದರು. ಮತ್ತೆ ನನ್ನನ್ನು ನೋಡಿದರು.

“ಇದು ಮೊಲೆತೊಟ್ಟು.”

“ಆದ್ರೆ ಡ್ರೈವರ್ ಗಂಡು ನಾಯಿ ಅಲ್ವಾ?”

“ಗಂಡು ನಾಯಿಗೂ ಇರುತ್ತೆ. ಈ ಕಡೆ ನೋಡಿ, ಸಾಲಾಗಿ ಇವೆ. ನಿಮಗೂ ಎರಡು ಇರಬೇಕಲ್ಲ?” ಎಂದರು. ಬೆಂಚಿನ ಮೇಲೆ ಬೆಕ್ಕು ಹಿಡಿದು ಕೂತಿದ್ದ ಹೆಂಗಸು ಬೆಕ್ಕಿನ ಬೆನ್ನಿಗೆ ಮುಖ ಒತ್ತಿಕೊಂಡು ಅಲುಗಾಡತೊಡಗಿದಳು. “ಇವನ ಮೈಮೇಲೆ ಉಣ್ಣೆ ಉಳಿಯೋದು ಕಷ್ಟ. ಯಜಮಾನ್ರು ತಿಂಗಳು ತಿಂಗಳು ತಪ್ಪದೆ ಉಣ್ಣೆ ಮಾತ್ರೆ ಕೊಡ್ತಾರೆ. ಇವನನ್ನ ಕಚ್ಚಿದ ಉಣ್ಣೆ ಸಾಯುತ್ತೆ.”

ಮಾವನ ಮುಖ ಅರಳಿತು. ಮನೆಗೆ ಬರುವಷ್ಟರಲ್ಲಿ ಗಾದೆಯೂ ಹೊರಬಂತು: “ಕೆಚ್ಚಲಲ್ಲೇ ಇದ್ರೂ ಉಣ್ಣೆಗೆ ಹಾಲಿನ ರುಚಿ ಗೊತ್ತಿಲ್ವಂತೆ ಅಳಿಯಂದ್ರೇ. ಒಂದೇ ಮನೇಲಿದ್ದೂ ನಿಮಗೆ ನನ್ನ ಡ್ರೈವರ್ ಏನು ಅಂತ ಗೊತ್ತಾಗಲಿಲ್ಲ.” ಹೆಂಡತಿಯಂತೂ ಸುದ್ದಿ ಕೇಳಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು, ನಗು ತಡೆಯಲಾರದೆ.

ಬೇರೆಯವರಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ ಅವಮಾನವಾದ ಗಂಡಸಿಗೂ ನಿಂತುಹೋದ ವಾಚಿಗೂ ಸರಿಯಾದ ವೇಳೆ ಯಾವುದೆಂದು ತಿಳಿಯುವುದಿಲ್ಲ. ಪಟದ ಕೆಳಮೂಲೆಯಲ್ಲಿದ್ದ ಇನ್ನೊಂದು ವಿಷಯ ನೆನಪಾಯಿತು. ಉಣ್ಣೆಗಳು ಹುಲ್ಲಿನ ತುದಿ ಏರಿ, ಮುಂಗಾಲು ಚಾಚಿ, ಯಾರಾದರೂ ಬರಲಿ ಎಂದು ಕಾಯುತ್ತವೆ. ಸಂಶೋಧಕರು ಬಿಳಿ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆದುಕೊಂಡು ಹೋದರೆ ಅದಕ್ಕೆ ಅಂಟಿಕೊಳ್ಳುತ್ತವೆ. ನಮ್ಮ ಹಿತ್ತಿಲ ಆಚೆ ಖಾಲಿ ಜಾಗವಿದೆ, ಸೊಂಟದೆತ್ತರ ಹುಲ್ಲು. ಡ್ರೈವರ್ ದಿನಾ ಅಲ್ಲೇ ಓಡಾಡುವುದು. ಅಲ್ಲಿ ಉಣ್ಣೆ ಇದೆ ಎಂದು ಸಾಬೀತು ಮಾಡಿದರೆ ಅರ್ಧ ಕೇಸು ಗೆದ್ದಂತೆ.

ಒಂದು ಸಂಜೆ ಹೆಂಡತಿ ಮಾವನನ್ನು ಕರೆದುಕೊಂಡು ಮಂಡಿಯ ವ್ಯಾಯಾಮಕ್ಕೆ ಹೋಗಿದ್ದಳು. ಉದ್ದ ತೋಳಿನ ಅಂಗಿ, ಸಾಕ್ಸಿನೊಳಗೆ ತೂರಿಸಿದ ಪ್ಯಾಂಟು, ಕುತ್ತಿಗೆಗೆ ಟವೆಲ್ಲು, ಹೀಗೆ ಪಟದಲ್ಲಿ ಹೇಳಿದಂತೆ ಸರ್ವಾಂಗ ಭದ್ರನಾಗಿ ಹೊರಟೆ. ಬಿಳಿ ಬಟ್ಟೆಗಾಗಿ ಮನೆಯೆಲ್ಲ ಹುಡುಕಿದೆ. ನಿಜವಾಗಿ ಬೆಳ್ಳಗೆ, ಅಗಲವಾಗಿ ಇದ್ದದ್ದು ಒಂದೇ: ನಮ್ಮ ಮಂಚದ ಮೇಲಿನ ಬೆಡ್‌ಶೀಟು. (ಈ ವಿಷಯ ಸದ್ಯಕ್ಕೆ ನಮ್ಮಿಬ್ಬರಲ್ಲೇ ಇರಲಿ.)

ಹುಲ್ಲಿನ ಮೇಲೆ ಎಳೆದೆ, ತಿರುಗಿಸಿ ನೋಡಿದೆ. ಮೂರು ಉಣ್ಣೆ! ಸೀಸೆಗೆ ಹಾಕಿ ಭೂತಗನ್ನಡಿಯಲ್ಲಿ ನೋಡಿದರೆ ಮೂರರ ಬೆನ್ನ ಮೇಲೂ ಬೆಳ್ಳಿ ಚಿತ್ತಾರ. ಇಷ್ಟು ದಿನ ಪಟದಲ್ಲಿ ಕಂಡಿದ್ದು ಎಂಟೂ ಕಾಲು ಆಡಿಸುತ್ತ ಎದುರಿಗಿದೆ. ನನಗೆ ಕಣ್ಣು ತುಂಬಿ ಬಂತು. ಬೆಡ್‌ಶೀಟನ್ನು ಚೆನ್ನಾಗಿ, ಪಟಪಟ ಎಂದು ಒದರಿ, ಮತ್ತೆ ಮಂಚದ ಮೇಲೆ ಸುಕ್ಕಿಲ್ಲದಂತೆ ಹಾಸಿದೆ.

“ಹುಲ್ಲಲ್ಲಿ ಉಣ್ಣೆ ಇರದೆ ಇನ್ನೇನು ಗಡಿಯಾರ ಇರುತ್ತಾ?” ಎಂದಳು ಹೆಂಡತಿ ಸೀಸೆ ನೋಡಿ. “ಬೆಟ್ಟ ಅಗೆದು ಇಲಿ ಹಿಡಿದ್ರಂತೆ. ನಾಯಿ ಮೇಲೆ ತೋರಿಸಿ.”

ಹುಲ್ಲಿಗೆ ಹೋಗಿ ಬಂದವರು ಮೈಯನ್ನೂ ನೋಡಿಕೊಳ್ಳಬೇಕು ಎಂದು ಪಟದಲ್ಲಿತ್ತು. ಸ್ನಾನದ ಮನೆಯಲ್ಲಿ ನೋಡಿಕೊಂಡೆ. ಎಡತೊಡೆಯ ಮೇಲೆ ಒಂದು ಕಪ್ಪು ಚುಕ್ಕೆ! ಬಟ್ಟಲು ಭೂತಗನ್ನಡಿ ಒತ್ತಿಟ್ಟು ನೋಡಿದೆ. ಕಾಲುಗಳು ಕಂಡವು, ಎಂಟಲ್ಲ, ಮೂರು. ಉಳಿದ ಐದು ಅಡಿಗೆ ಸಿಕ್ಕಿಕೊಂಡಿರಬೇಕು. ಚಿಮಟದಿಂದ ಎಳೆದರೆ ಪ್ರಾಣ ಹೋಗುವಷ್ಟು ನೋವು, ಅದು ಮಾತ್ರ ಕದಲಲಿಲ್ಲ. ಬೆಳ್ಳಿ ಚಿತ್ತಾರ ಇಲ್ಲ. ಅಂದಮೇಲೆ ಕರಿಗಾಲಿನದೇ! ಸಂಜೆಯಿಂದ ಮಲಗುವ ತನಕ ಗಳಿಗೆಗೊಮ್ಮೆ ಬಾಗಿಲು ಹಾಕಿಕೊಂಡು, ಭೂತಗನ್ನಡಿ ಒತ್ತಿ ಒತ್ತಿ ನೋಡಿದ್ದೇ ನೋಡಿದ್ದು. ಹೆಂಡತಿಗೆ ಹೇಳುವ ಹಾಗಿಲ್ಲ. ಹೇಳಿದರೆ ಕಾಯಿದೆ ಇದೆ, ಶೆಡ್ಡು ಇದೆ. ಚುಕ್ಕೆ ಅವಳ ಕಣ್ಣಿಗೆ ಬೀಳದಿರಲೆಂದು ಆ ಉದ್ದ ತೋಳಿನ ಅಂಗಿ, ಸಾಕ್ಸು, ಪ್ಯಾಂಟು ಎಲ್ಲ ತೊಟ್ಟೇ ಹೊದ್ದು ಮಲಗಿದೆ. ಮಧ್ಯೆ ಸೆಕೆ ತಡೆಯದೆ ಪ್ಯಾಂಟು ಸಾಕ್ಸು ಕಳಚಿದ್ದೂ ನೆನಪು.

ಬೆಳಿಗ್ಗೆ ಎದ್ದು ಮತ್ತೊಂದು ಸಲ ಒತ್ತಿ ನೋಡಿ ಭೂತಗನ್ನಡಿ ಎತ್ತಿದರೆ, ಚುಕ್ಕೆಯ ಸುತ್ತ ಕೆಂಪು ಉಂಗುರ. ದುಂಡಗೆ, ಪಟದಲ್ಲಿದ್ದ ಹಾಗೆಯೇ. ನಡುವೆ ಕಪ್ಪು, ಸುತ್ತ ಕೆಂಪು, ಗುರಿಹಲಗೆ.

ನಿಜ ಹೇಳುತ್ತೇನೆ, ಹೆದರಿದೆ. ವಾಚು ರಿಪೇರಿಯವನಿಗೆ ಕೈಬೆರಳಿನ ಕೀಲೇ ಬಂಡವಾಳ. ಬೆರಳು ಮಡಚಿ ನೋಡಿದೆ. ಆಗಲೇ ಸ್ವಲ್ಪ ಬಿಗಿಯಾದಂತಿತ್ತು. ಕಾಯಿದೆ ಗೀಯಿದೆ ಎಲ್ಲ ಮರೆತು, “ಲೇ ಇವಳೇ!” ಎಂದು ಕೂಗಿದೆ.

“ಅದು ಮಚ್ಚೆ ಕಣ್ರೀ. ಮದುವೆ ಆದಾಗಿಂದ ನೋಡ್ತಿದೀನಿ. ಮೂರು ಕೂದಲು ಕೂಡ ಇದೆ” ಎಂದವಳು ಉಂಗುರ ಕಂಡು ಇನ್ನಷ್ಟು ಬಗ್ಗಿದಳು. “ಆದ್ರೆ ಈ ಉಂಗುರ ಇರಲಿಲ್ಲ.” ಅವಳ ಮುಖ ಬಾಡಿತು. ಹಣೆ ಮುಟ್ಟಿ ನೋಡಿ, “ಮೈ ಬೇರೆ ಬಿಸಿ ಇದೆ” ಎಂದಳು. ಮಾವ ಕೋಲೂರಿಕೊಂಡು ಬಂದವರು ತಾವೇ ಬೀದಿಗಿಳಿದು ಸೀಟಿ ಊದಿ ಬಾಡಿಗೆ ಗಾಡಿ ನಿಲ್ಲಿಸಿದರು. ಇವರಿಬ್ಬರಿಗೂ ನನ್ನ ಮೇಲೆ ಇಷ್ಟು ಪ್ರೀತಿಯಿದೆ ಎಂದು ಗೊತ್ತಾದದ್ದೇ ಆಗ. ಗಾಡಿಯಲ್ಲಿ ಕೂತು ಇವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಅದರಿಂದ ಭಯ ಇನ್ನೂ ಹೆಚ್ಚಾಯಿತು.

ನಮ್ಮ ವೈದ್ಯರು ವಯಸ್ಸಾದವರು, ನಿಧಾನಸ್ಥರು. ಉಂಗುರವನ್ನು ಬೆರಳಿನಿಂದ ಸವರಿದರು.

“ಉಣ್ಣೆ ಕಚ್ಚಿದ ಮಾರನೇ ದಿನವೇ ಆ ಉಂಗುರ ಬರಲ್ಲ, ಕೆಲವು ದಿನವಾದ್ರೂ ಬೇಕು. ಈ ಮಚ್ಚೆಯನ್ನ ಯಾವುದರಲ್ಲಿ ನೋಡಿದ್ರಿ?”

ಜೇಬಿನಿಂದ ಬಟ್ಟಲು ಭೂತಗನ್ನಡಿಯನ್ನು ಹೆಮ್ಮೆಯಿಂದ ತೆಗೆದೆ.

“ಎಷ್ಟು ಸಲ?”

“ಲೆಕ್ಕ ಇಲ್ಲ ಡಾಕ್ಟ್ರೇ. ಒತ್ತಿ ಒತ್ತಿ ನೋಡಿದೀನಿ.”

“ಆ ತೊಡೆ ಮೇಲೂ ಒತ್ತಿ ಒತ್ತಿ ನೋಡಿ.”

ಬಲತೊಡೆಯ ಮೇಲೆ ಒತ್ತಿದೆ. ಬಹಳ ಹೊತ್ತು ಬಿಟ್ಟು ಅವರು ಕೈಸನ್ನೆ ಮಾಡಿದಾಗ ಎತ್ತಿದೆ. ದುಂಡಗಿನ ಕೆಂಪು ಉಂಗುರ! ಎಡಗಡೆಯದರ ಅವಳಿ ತಮ್ಮ.

“ನೋಡಿ, ಈ ಕಾಲಿಗೂ ಲೈಮ್ ಬಂತು” ಎಂದರು ವೈದ್ಯರು. “ಜ್ವರ ಇಲ್ಲ. ಈ ಸೆಕೆಗೆ ಇಂಥ ಉದ್ದ ತೋಳಿನ ಅಂಗಿ ಹಾಕಿ ಮಲಗಿದ್ರೆ ಕಲ್ಲೂ ಬಿಸಿಯಾಗುತ್ತೆ.”

ಆಗ ಆದ ನೆಮ್ಮದಿಯನ್ನು ಹೇಗೆ ಹೇಳಲಿ! ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಬೆರಳಿನ ಕೀಲುಗಳು ಎಣ್ಣೆ ಹಾಕಿದಂತೆ ಆಡಿದವು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಿಮ್ಮ ತಲೆ!” ಎಂದಳು. ಇಷ್ಟು ಸಿಹಿಯಾದ ಬೈಗುಳ ನಾನು ಕೇಳಿದ್ದಿಲ್ಲ. ನಗುನಗುತ್ತಾ ಎದ್ದು, ತಿರುಗಿ ನಿಂತು ಪ್ಯಾಂಟು ಏರಿಸತೊಡಗಿದೆ.

“ತಾಳಿ ತಾಳಿ” ಎಂದರು ವೈದ್ಯರು. “ಮಂಡಿ ಹಿಂದೆ ಅದೇನು?”

ಅದು ಮಚ್ಚೆಯಾಗಿರಲಿಲ್ಲ. ಅದು ಕಾಲಾಡಿಸುತ್ತಿತ್ತು.

ವೈದ್ಯರು ನನ್ನ ಚಿಮಟವನ್ನೇ ಶುದ್ಧಮಾಡಿ ತೆಗೆದುಕೊಂಡು, ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನವಾಗಿ ಎಳೆದರು. ಬಂತು. ಬೆನ್ನ ಮೇಲೆ ಬೆಳ್ಳಿ ಚಿತ್ತಾರ. “ಹೊಟ್ಟೆ ಚಪ್ಪಟೆ ಇದೆ, ಈಗಷ್ಟೇ ಕಚ್ಚಿದೆ. ಹೆದರೋದೇನಿಲ್ಲ. ಒಂದೆರಡು ವಾರದೊಳಗೆ ಜ್ವರ, ಕಲೆ ಏನಾದ್ರೂ ಬಂದ್ರೆ ಮಾತ್ರ ತಕ್ಷಣ ಬನ್ನಿ. ಅದಿರಲಿ, ಹುಲ್ಲಿಗೆ ಹೋಗಿದ್ರಾ?”

“ನಿನ್ನೆ ಹೋಗಿದ್ದೆ. ಆದ್ರೆ ಸರ್ವಾಂಗ ಭದ್ರ ಮಾಡ್ಕೊಂಡಿದ್ದೆ ಡಾಕ್ಟ್ರೇ! ಸಂಶೋಧಕರ ಹಾಗೆ ಬಿಳಿ ಬಟ್ಟೆ ಎಳೆದದ್ದು ಅಷ್ಟೇ.”

“ಯಾವ ಬಿಳಿ ಬಟ್ಟೆ?” ಎಂದಳು ಹೆಂಡತಿ.

ನಾನು ಬಗ್ಗಿ ಪ್ಯಾಂಟಿನ ಗುಂಡಿ ಹುಡುಕತೊಡಗಿದೆ.

“ರೀ, ಯಾವ ಬಿಳಿ ಬಟ್ಟೆ? ನಮ್ಮನೇಲಿ ಬಿಳಿದು ಅಂದ್ರೆ ಇರೋದು ಒಂದೇ...” ಅವಳ ಕಣ್ಣುಗಳು ದೊಡ್ಡವಾದವು. “ಅದರ ಮೇಲೆ ನಾನು ಮಲಗಿದ್ದೆ!”

“ಚೆನ್ನಾಗಿ ಒದರಿದ್ದೆ ಕಣೇ...”

“ಬೀದೀಲಿ ಹೋಗೋ ಮಾರೀನ ಮನೆಗೆ ಕರೆಯೋದು ಕೇಳಿದ್ದೆ. ಇವರು ಮಂಚಕ್ಕೇ ಕರೆದಿದ್ದಾರಲ್ಲ ಡಾಕ್ಟ್ರೇ!”

ಅವಳನ್ನು ವೈದ್ಯರ ಹೆಂಡತಿ ಒಳಗೆ ಕರೆದೊಯ್ದು ಪರೀಕ್ಷಿಸಿದರು. ದೇವರು ದೊಡ್ಡವನು, ಏನೂ ಇರಲಿಲ್ಲ. ಮನೆಗೆ ಬಂದು ಹಾಸಿಗೆ ಬಟ್ಟೆಯನ್ನೆಲ್ಲ ಹಿತ್ತಿಲಲ್ಲಿ ಕುದಿಯುವ ನೀರಿಗೆ ಹಾಕಿದೆವು. ಹಾಕಿದೆವು ಎಂದರೆ ಹಾಕಿದೆ. ಅವಳು ಕೈಕಟ್ಟಿ ನಿಂತು ನೋಡಿದಳು. ಇಷ್ಟೆಲ್ಲ ಮುಗಿಸಿ, ಬದುಕಿದೆಯಾ ಬಡಜೀವವೇ ಎಂದು ಒಳಗೆ ಕಾಲಿಡಬೇಕು, ಹೊಸ್ತಿಲಲ್ಲಿ ಮಾವ ನಿಂತಿದ್ದರು. ಸೀಟಿ ಜೋರಾಗಿ ಊದಿದರು.

“ಅಳಿಯಂದ್ರೇ. ಎರಡು ಕಾಲಿರಲಿ, ನಾಲ್ಕು ಕಾಲಿರಲಿ.”

“ಮಾವ, ಅದು ತಮಾಷೆಗೆ...”

“ರೂಲು ಅಂದ್ರೆ ರೂಲೇ.”

ಹೆಂಡತಿಯ ಕಡೆ ನೋಡಿದೆ. ಅವಳು ಆಗಲೇ ದಿಂಬು ತಂದಿದ್ದಳು.

ಶೆಡ್ಡಿನಲ್ಲಿ ಹಳೆಯ ಸೈಕಲ್ಲು, ಬಣ್ಣದ ಡಬ್ಬ, ಮುರಿದ ಏಣಿ, ನಾನು. ಕಿಂಡಿಯಿಂದ ನೋಡಿದರೆ ಕಿಟಕಿಯಲ್ಲಿ ನನ್ನ ಕುರ್ಚಿ, ಕುರ್ಚಿಯಲ್ಲಿ ಡ್ರೈವರ್. ಆಶ್ಚರ್ಯವೆಂದರೆ ಹೊಟ್ಟೆ ಉರಿಯಲಿಲ್ಲ. ಬೆರಳು ನೆಟ್ಟಗಿದೆ, ಜ್ವರ ಇಲ್ಲ, ಹೆಂಡತಿ ಕ್ಷೇಮ. ಇನ್ನು ಕುರ್ಚಿ ಯಾರದ್ದಾದರೇನು ಎನಿಸಿತು. ಸಂಜೆ ಮಾವ ಕೋಲೂರಿಕೊಂಡು ಕಾಫಿ ತಂದರು. “ಆ ಉಂಗುರ ನೋಡಿ ನನ್ನ ಜೀವವೇ ಹೋಗಿತ್ತು ನೋಡಿ” ಎಂದರು. “ಕುರ್ಚಿ ಡ್ರೈವರ್‌ಗೇ ಇರಲಿ ಮಾವ” ಎಂದುಬಿಟ್ಟೆ. ತನ್ನ ಹೆಸರು ಕೇಳಿ ಡ್ರೈವರ್ ಬಾಲ ಆಡಿಸುತ್ತ ಓಡಿಬಂದು ನನ್ನ ಮೇಲೆ ಹಾರಲು ಹೊರಟ. ಮಾವ ತಟ್ಟನೆ ಅವನ ಕೊರಳಪಟ್ಟಿ ಹಿಡಿದೆಳೆದರು.

“ಬೇಡ ಡ್ರೈವರ್! ಹತ್ರ ಹೋಗ್ಬೇಡ, ಉಣ್ಣೆ ಹತ್ತುತ್ತೆ.”

‘ಶುದ್ಧ’ ಅನ್ನೋವರೆಗೂ ಒಳಗೆ ಪ್ರವೇಶವಿಲ್ಲ ಎಂಬ ಕಾಯಿದೆಯ ಸಾಲು ನಿಮಗೆ ನೆನಪಿರಬಹುದು. ನನಗೆ ಮರೆತಿತ್ತು, ಮಾವನಿಗೆ ಮರೆತಿರಲಿಲ್ಲ. ಹಾಗಾಗಿ ಮರುದಿನ ಬೆಳಿಗ್ಗೆ ಪಶುವೈದ್ಯರ ಆಸ್ಪತ್ರೆಯ ಬೆಂಚಿನ ಮೇಲೆ, ಆ ಪಟದ ಎದುರಿಗೇ, ಒಂದು ಕಡೆ ಹೆಂಡತಿ, ಒಂದು ಕಡೆ ಮಾವ, ನಡುವೆ ನಾನು ಕೂತಿದ್ದೆ. ಕಾಲ ಬಳಿ ಡ್ರೈವರ್, ಈ ಸಲ ನೋಡಲು ಬಂದವನು. ಚೀಟಿ ಬರೆಯುವ ಹೆಂಗಸು ತಲೆಯೆತ್ತದೆ ಕೇಳಿದಳು:

“ಯಾರಿಗೆ ತೋರಿಸ್ಬೇಕು?”

“ನಮ್ಮ ಅಳಿಯನಿಗೆ” ಎಂದರು ಮಾವ.

ಅವಳು ಅಭ್ಯಾಸಬಲದಿಂದ ‘ಅಳಿಯ’ ಎಂದು ಬರೆದುಕೊಂಡಳು. ನಾಯಿಗೆ ಡ್ರೈವರ್ ಎಂದು ಹೆಸರಿರುವಾಗ ಅಳಿಯ ಎಂದೂ ಇರಬಾರದೇಕೆ?

“ಏನಾಗಿದೆ?”

“ಉಣ್ಣೆ.”

“ಮುಟ್ಟಿದ್ರೆ ಕಚ್ಚುತ್ತಾ?”

“ಇಲ್ಲಮ್ಮ” ಎಂದಳು ನನ್ನ ಹೆಂಡತಿ. “ಬರೀ ಬೊಗಳೋದು.”